ದೊಡ್ಡಪ್ಪ ಎಣಿಸಲಿಲ್ಲ

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದು ಒಂಬತ್ತು ದಿನ ಆಗಿತ್ತು. ಕರೆಂಟ್ ಹೋಗಿ ಮೂರು ದಿನ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಗೇಟು ದಾಟಿ ಮೇಲಿನ ತಿರುವಿನ ತನಕ ನಡೆಯಬೇಕು. ಅಲ್ಲಿ ಕೊಡೆ ಹಿಡಿದು ನಿಂತಾಗ ಮೂರು ದಿನದ ಮೆಸೇಜುಗಳು ಒಟ್ಟಿಗೇ ಬಂದು ಬಿದ್ದವು. ಅದರಲ್ಲಿ ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗ ಕಳಿಸಿದ ಒಂದು ವಿಡಿಯೋ ಇತ್ತು. ಕೆಳಗೆ ಒಂದೇ ಸಾಲು: 'ಮಾವ, ಇದು ನಿಜಾನಾ? ಅಜ್ಜ ಹೇಳೋದಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ.'

ವಿಡಿಯೋ 1971ರ ಪೂರ್ವ ಪಾಕಿಸ್ತಾನದ, ಅಂದರೆ ಇವತ್ತಿನ ಬಾಂಗ್ಲಾದೇಶದ ಬಗ್ಗೆ. ಮಾತಾಡುವವನ ದನಿ ಬಹಳ ಸಮಾಧಾನದ್ದು. ಮೂವತ್ತು ಲಕ್ಷ ಜನ ಸತ್ತರು ಅನ್ನುವುದು ಸುಳ್ಳು, ಯಾರೋ ಲಕ್ಷ ಅನ್ನುವ ಬದಲು ಮಿಲಿಯನ್ ಅಂದುಬಿಟ್ಟರು, ಅದನ್ನೇ ಎಲ್ಲರೂ ಬರೆದುಕೊಂಡರು ಎಂದು ಶುರು ಮಾಡುತ್ತಾನೆ. ಇಷ್ಟು ಲೆಕ್ಕದ ಬಗ್ಗೆ. ಆಮೇಲೆ ಮೆಲ್ಲಗೆ, ನಾವು ಗಮನಿಸುವ ಮೊದಲೇ, ಲೆಕ್ಕದಿಂದ ಬೇರೆಲ್ಲಿಗೋ ಹೋಗಿರುತ್ತಾನೆ. ಕೊನೆಗೆ ಬರುವಾಗ ಅಲ್ಲಿ ಹತ್ಯಾಕಾಂಡವೇ ನಡೆದಿಲ್ಲ, ನಡೆದದ್ದು ಸೈನ್ಯ ಮತ್ತು ದಂಗೆಕೋರರ ಜಗಳ, ಉಳಿದದ್ದೆಲ್ಲ ಭಾರತದ ಪ್ರಚಾರ.

ನನಗೆ ರಕ್ತ ಕುದಿಯಿತು. ನಮ್ಮ ದೊಡ್ಡಪ್ಪ, ಅಂದರೆ ಹುಡುಗ ಹೇಳಿದ ಅಜ್ಜ, ಆ ಯುದ್ಧದಲ್ಲಿ ಮಿಲಿಟ್ರಿ ಲಾರಿ ಓಡಿಸಿದವರು. ಕೊಡಗಿನಲ್ಲಿ ಇಂಥ ಮನೆಗಳು ಜಾಸ್ತಿ. ಗೋಡೆ ಮೇಲೆ ಕಾರ್ಯಪ್ಪನವರ ಫೋಟೋ, ಅದರ ಕೆಳಗೆ ಮನೆಯವರೇ ಯಾರಾದರೂ ಯೂನಿಫಾರ್ಮಿನಲ್ಲಿ. ಆ ಸಿಟ್ಟಿನಲ್ಲೇ, ಮಳೆಯಲ್ಲಿ ನಿಂತುಕೊಂಡೇ, ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಫೋಟೋ ಕಳಿಸಿದೆ. ನೀರಿನ ಬದಿಯಲ್ಲಿ ಸಾಲಾಗಿ ಬಿದ್ದ ಹೆಣಗಳು. 'ಇದನ್ನು ನೋಡಿ ಆಮೇಲೆ ಮಾತಾಡು' ಎಂದು ಬರೆದೆ.

ಮಾರನೇ ದಿನ ಅವನ ಉತ್ತರ ಬಂದಿತ್ತು. 'ಮಾವ, ಇದು 71ರದ್ದಲ್ಲ. ಅದರ ಹಿಂದಿನ ವರ್ಷದ ಚಂಡಮಾರುತದ್ದು.' ನಾನು ಆ ಫೋಟೋ ಎತ್ತಿಕೊಂಡ ಜಾಗದ ಲಿಂಕನ್ನೂ ಹಾಕಿದ್ದ.

ಹುಡುಗ ಹೇಳಿದ್ದು ಸರಿ. 1970ರ ನವೆಂಬರ್ 12ರಂದು ಅದೇ ನಾಡಿಗೆ ಭೋಲಾ ಚಂಡಮಾರುತ ಬಡಿದು ಲಕ್ಷಗಟ್ಟಲೆ ಜನ ಸತ್ತಿದ್ದರು. ಆ ಸತ್ತವರ ಫೋಟೋ ತಂದು ಈ ಸತ್ತವರ ಹೆಸರಲ್ಲಿ ಕಳಿಸಿದ್ದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ವಿಡಿಯೋದವನಿಗೆ ಒಂದು ಪುರಾವೆ ಬೇಕಿತ್ತು, ಇವರು ಸುಳ್ಳು ಫೋಟೋ ಹಂಚುತ್ತಾರೆ ಅನ್ನಲು. ಅದನ್ನು ನಾನೇ ಒದಗಿಸಿದ್ದೆ.

ಬೆಳಗ್ಗೆ ದೊಡ್ಡಪ್ಪನ ಹತ್ತಿರ ಹೋಗಿ ಕೂತೆ. ಅವರಿಗೆ ಈಗ 76. ಮಳೆಗಾಲದಲ್ಲಿ ಒಲೆಯ ಬುಡ ಬಿಟ್ಟು ಏಳುವುದಿಲ್ಲ. ಯುದ್ಧದ ಮಾತು ಅವರು ತಾವಾಗಿ ಎತ್ತುವುದೂ ಇಲ್ಲ. ಡಿಸೆಂಬರ್ 16ಕ್ಕೆ ಯಾರಾದರೂ ಸನ್ಮಾನಕ್ಕೆ ಕರೆದರೆ ಹೋಗಿ ಶಾಲು ಹಾಕಿಸಿಕೊಂಡು ಬಂದು, ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಾನು ವಿಡಿಯೋ ತೋರಿಸಲಿಲ್ಲ. 'ನೀವು ಕಂಡದ್ದು ಹೇಳಿ' ಎಂದೆ, ಅಷ್ಟೆ.

ಅವರ ಯೂನಿಟ್ ಬಂಗಾಳಕ್ಕೆ ಹೋದದ್ದು ಯುದ್ಧ ಶುರುವಾಗುವ ಎರಡು ತಿಂಗಳ ಮೊದಲು. ಆಗ ದೊಡ್ಡಪ್ಪನಿಗೆ 22. ಕಲ್ಕತ್ತಾದ ಹತ್ತಿರ ದೊಡ್ಡ ದೊಡ್ಡ ಸಿಮೆಂಟ್ ಪೈಪುಗಳನ್ನು ರಾಶಿ ಹಾಕಿದ್ದರಂತೆ. ಒಂದೊಂದು ಪೈಪಿನೊಳಗೆ ಒಂದೊಂದು ಸಂಸಾರ. ಪೈಪಿನ ಬಾಯಿಗೆ ಸೀರೆ ಕಟ್ಟಿ ಬಾಗಿಲು ಮಾಡಿಕೊಂಡಿದ್ದರು. ಅಲ್ಲಿಂದ ಗಡಿಯ ಕಡೆ ಹೋಗುವ ಜಶೋರ್ ರೋಡಿನ ಎರಡೂ ಕಡೆ ಭಾರೀ ಮಳೆಮರಗಳು. ಆ ಮರಗಳ ಬುಡದಲ್ಲೂ ಜನ. ಭಾರತಕ್ಕೆ ಬಂದ ನಿರಾಶ್ರಿತರು ಸುಮಾರು ಒಂದು ಕೋಟಿ ಎಂದು ಆಗಿನ ಸರ್ಕಾರದ ಲೆಕ್ಕ. ದೊಡ್ಡಪ್ಪನಿಗೆ ಕೋಟಿ ಗೊತ್ತಿಲ್ಲ. 'ಹಾರ್ನ್ ಹೊಡೆದರೂ ಏಳ್ತಿರ್ಲಿಲ್ಲ ಮಾರಾಯ. ಬದುಕಿದ್ದಾರೋ ಇಲ್ಲವೋ ಅಂತ ಇಳಿದು ನೋಡಬೇಕಿತ್ತು' ಎಂದರು.

ಡಿಸೆಂಬರ್ 7ಕ್ಕೆ ನಮ್ಮವರು ಗಡಿಯಾಚೆಯ ಜಶೋರ್ ಸೇರಿದರು. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯದ ಶರಣಾಗತಿ. ಅದಾಗಿ ಕೆಲವು ದಿನಕ್ಕೆ ಒಂದು ಊರಿನವರು ಬಂದು ಇವರ ಲಾರಿ ಕೇಳಿದರಂತೆ. ಸಾಮಾನು ಹೊರಲು ಅಲ್ಲ, ಬೆಳಕಿಗೆ. ಶಾಲೆಯ ಹಿಂದೆ ಒಂದು ಹಾಳು ಬಾವಿ. ಸಂಜೆಯಾಗಿತ್ತು. ಲಾರಿ ತಿರುಗಿಸಿ ಹೆಡ್‌ಲೈಟನ್ನು ಬಾವಿಯ ಮೇಲೆ ಬಿಡಲು ಹೇಳಿದರು. ಊರ ಗಂಡಸರು ಹಗ್ಗ ಇಳಿಸಿ ಒಬ್ಬೊಬ್ಬರನ್ನಾಗಿ ಮೇಲೆ ತಂದರು.

'ಎಷ್ಟು ಜನ ದೊಡ್ಡಪ್ಪ?'

'ನಾನು ಎಣಿಸ್ಲಿಲ್ಲ.'

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: 'ಬ್ಯಾಟರಿ ಇಳೀತದೆ ಅಂತ ಇಂಜಿನ್ ಚಾಲೂ ಇಟ್ಟಿದ್ದೆ. ಆ ಶಬ್ದದಲ್ಲಿ ಅವರ ಅಳು ನನಗೆ ಕೇಳಿಸ್ಲಿಲ್ಲ. ಅದೊಂದು ಉಪಕಾರ ಆಯ್ತು.'

ಇನ್ನೊಂದು ಮಾತನ್ನೂ ಅವರೇ ಹೇಳಿದರು, ನಾನು ಕೇಳದೆ. ಯುದ್ಧ ಮುಗಿದ ಮೇಲೆ ಬಿಹಾರಿಗಳ, ಅಂದರೆ ದೇಶ ಒಡೆದಾಗ ಬಿಹಾರದ ಕಡೆಯಿಂದ ಅಲ್ಲಿಗೆ ಹೋಗಿ ನೆಲೆಸಿದ ಉರ್ದು ಮಾತಿನ ಮುಸ್ಲಿಮರ ಕೇರಿಗಳಿಗೆ ಇವರ ಕಡೆಯವರು ಕಾವಲು ನಿಂತರಂತೆ. ಪಾಕಿಸ್ತಾನದ ಸೈನ್ಯದ ಜೊತೆ ಇದ್ದವರು ಎಂದು ಊರವರು ಅವರ ಮೇಲೆ ಬೀಳುತ್ತಿದ್ದರು, ಕೊಲ್ಲುತ್ತಿದ್ದರು. 'ಅದೂ ಕಣ್ಣಾರೆ ಕಂಡದ್ದೇ. ಇದನ್ನು ಬಿಟ್ಟು ಅದನ್ನು ಮಾತ್ರ ಹೇಳಿದರೆ ಹೇಗೆ?'

ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಯಾಕೆಂದರೆ ಪಾಕಿಸ್ತಾನ ಸರ್ಕಾರ 1971ರ ಆಗಸ್ಟಿನಲ್ಲಿ ಹೊರಡಿಸಿದ ಶ್ವೇತಪತ್ರ ಇದೇ ಬಿಹಾರಿಗಳ ಸಾವಿನ ಮೇಲೆ ನಿಂತಿತ್ತು. ಮಾರ್ಚ್ ತಿಂಗಳಲ್ಲಿ ಬಂಗಾಳಿ ಗುಂಪುಗಳು ಬಿಹಾರಿಗಳನ್ನು ಕೊಂದದ್ದು ಸುಳ್ಳಲ್ಲ. ಅದನ್ನು ಮುಂದಿಟ್ಟು, ಮಾರ್ಚ್ 25ರ ರಾತ್ರಿಯಿಂದ ಸೈನ್ಯ ಬಂಗಾಳಿಗಳಿಗೆ ಮಾಡಿದ್ದನ್ನು ಆ ಪತ್ರ ಮುಚ್ಚಿತು. ಪ್ರಚಾರ ಅಂದರೆ ಬರೀ ಸುಳ್ಳು ಎಂದು ನಾನು ಅಂದುಕೊಂಡಿದ್ದೆ. ಒಂದು ಕಡೆಯ ಹೆಣವನ್ನು ಇನ್ನೊಂದು ಕಡೆಯ ಹೆಣದ ಮೇಲೆ ಹೊದಿಸುವುದೂ ಪ್ರಚಾರವೇ. ಅಲ್ಲಿ ಎರಡೂ ಹೆಣ ನಿಜದ್ದೇ ಆಗಿರುತ್ತದೆ.

ಆಮೇಲೆ ಓದಲು ಕೂತೆ. ಹೀಗೆ ಓದುವಾಗ ಆಂಥೋನಿ ಮ್ಯಾಸ್ಕರೇನಸ್ ಸಿಕ್ಕಿದರು. ನಮ್ಮ ಬೆಳಗಾವಿಯಲ್ಲಿ ಹುಟ್ಟಿದವರು, ಗೋವಾ ಮೂಲದ ಮನೆತನ. ಓದಿದ್ದು ಕರಾಚಿಯಲ್ಲಿ, ಕೆಲಸ ಅಲ್ಲಿನ ಮಾರ್ನಿಂಗ್ ನ್ಯೂಸ್ ಪತ್ರಿಕೆಯಲ್ಲಿ. ಇಷ್ಟು ವರ್ಷ ಈ ಹೆಸರು ನನಗೆ ಗೊತ್ತಿರಲಿಲ್ಲ ಅನ್ನುವುದು ಈಗಲೂ ಬೇಜಾರು.

1971ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಸೈನ್ಯ ಎಂಟು ಪತ್ರಕರ್ತರನ್ನು ಪೂರ್ವ ಪಾಕಿಸ್ತಾನಕ್ಕೆ ಕರೆದುಕೊಂಡು ಹೋಯಿತು. ಎಲ್ಲ ಶಾಂತವಾಗಿದೆ, ಸೈನ್ಯ ದಂಗೆ ಅಡಗಿಸಿದೆ ಎಂದು ಬರೆಸುವ ಉದ್ದೇಶ. ಏಳು ಜನ ಹೇಳಿದ್ದನ್ನು ಬರೆದರು. ಎಂಟನೆಯವರು ಮ್ಯಾಸ್ಕರೇನಸ್. ಕೊಮಿಲ್ಲಾದಲ್ಲಿ ಸೈನಿಕ ಅಧಿಕಾರಿಗಳ ಜೊತೆ ಇದ್ದರು. ದಿನಕ್ಕೆ ಎಷ್ಟು ಜನರನ್ನು ಕೊಂದೆವು ಎಂದು ಅವರು ಸಂಜೆ ಕೂತು ಮಾತಾಡುವುದನ್ನು ಕೇಳಿದರು. ಊರು ಸುಡಲು ಹೋಗುವುದನ್ನು ಕಂಡರು. ಹಿಂದೂಗಳನ್ನು ಹುಡುಕಿ ಹುಡುಕಿ ಹಿಡಿಯುವುದನ್ನು ಕಂಡರು. ಅಧಿಕಾರಿಗಳಿಗೆ ಮುಚ್ಚಿಡಬೇಕು ಅಂತಲೂ ಅನಿಸಿರಲಿಲ್ಲ. ಇವನು ನಮ್ಮವನು, ನಾವು ಹೇಳಿದ್ದೇ ಬರೆಯುತ್ತಾನೆ ಎಂದು ಅಷ್ಟು ಧೈರ್ಯ.

ಮನೆಗೆ ಬಂದು, ಕಂಡದ್ದನ್ನು ಬರೆಯಲಾಗದಿದ್ದರೆ ಇನ್ನು ಮುಂದೆ ಒಂದಕ್ಷರವೂ ಬರೆಯಲಾರೆ ಎಂದು ಹೆಂಡತಿಗೆ ಹೇಳಿದರಂತೆ. ಪಾಕಿಸ್ತಾನದ ಪತ್ರಿಕೆಯಲ್ಲಿ ಬರೆದರೆ ಸೆನ್ಸಾರ್ ಬಿಡುವುದಿಲ್ಲ. ತಂಗಿಗೆ ಹುಷಾರಿಲ್ಲ ಎಂದು ನೆಪ ಹೇಳಿ ಲಂಡನ್ನಿಗೆ ಹೋಗಿ ಸಂಡೇ ಟೈಮ್ಸ್ ಸಂಪಾದಕ ಹೆರಾಲ್ಡ್ ಇವಾನ್ಸ್ ಅವರನ್ನು ಕಂಡರು. ವರದಿ ಅಚ್ಚಾಗುವ ಮೊದಲು ಹೆಂಡತಿ, ಐದು ಮಕ್ಕಳು ದೇಶ ಬಿಡಬೇಕಿತ್ತು. ಅನುಮಾನ ಬಾರದಿರಲಿ ಎಂದು ಮತ್ತೆ ಕರಾಚಿಗೆ ವಾಪಸ್ ಬಂದು, ಅವರನ್ನು ಮೊದಲು ಕಳಿಸಿ, ತಾವು ಅಫ್ಘಾನಿಸ್ತಾನದ ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿದರು. 1971ರ ಜೂನ್ 13ರಂದು ವರದಿ ಬಂತು. ತಲೆಬರಹ ಒಂದೇ ಪದ, ಜೆನೊಸೈಡ್.

ಆ ವರದಿಯ ಮೊದಲ ಸಾಲುಗಳನ್ನು ಓದಿದಾಗ ನನಗೆ ದೊಡ್ಡಪ್ಪನ ಬಾವಿ ನೆನಪಾಯಿತು. ಅದು ಲಕ್ಷದಿಂದ ಶುರುವಾಗುವುದಿಲ್ಲ. 24 ವರ್ಷದ ಒಬ್ಬ ಸಣಕಲು ಯುವಕನಿಂದ ಶುರುವಾಗುತ್ತದೆ. ಅವನು ಮಾಡಿದ ತಪ್ಪು, ಸೈನಿಕರನ್ನು ಕಂಡು ಓಡಿದ್ದು. ಸುತ್ತ ಸೈನಿಕರು ನಿಂತಿದ್ದಾರೆ, ಅವನು ನಡುಗುತ್ತಿದ್ದಾನೆ. ವಿಡಿಯೋದವನು ಯಾವ ಲೆಕ್ಕವನ್ನು ಬೇಕಾದರೂ ಕೆಳಗಿಳಿಸಲಿ, ಈ ನಡುಗುವ ಹುಡುಗನನ್ನು ಏನು ಮಾಡುತ್ತಾನೆ?

ಹಾಗಂತ ಲೆಕ್ಕವನ್ನು ಬಿಟ್ಟುಬಿಡುವುದೂ ಸರಿಯಲ್ಲ. ಸೋದರಳಿಯ ಕೇಳಿದ್ದು ಅದನ್ನೇ ಅಲ್ವಾ. ಬಾಂಗ್ಲಾದೇಶ ಸರ್ಕಾರ ಹೇಳುವುದು 30 ಲಕ್ಷ. ಪಾಕಿಸ್ತಾನವೇ ನೇಮಿಸಿದ ಹಮೂದುರ್ ರೆಹಮಾನ್ ಆಯೋಗ ಸೈನ್ಯದ ಕಡತ ನೋಡಿ ಹೇಳಿದ್ದು 26 ಸಾವಿರ. ಆ ವರದಿಯನ್ನು ಅಲ್ಲಿನ ಸರ್ಕಾರ ಸುಮಾರು ಮೂರು ದಶಕ ಹೊರಗೆ ಬಿಡಲಿಲ್ಲ. 2008ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ, ಮನೆ ಮನೆಗಳ ಸಮೀಕ್ಷೆಯ ಮೇಲೆ ಸುಮಾರು 2 ಲಕ್ಷ 69 ಸಾವಿರ ಎಂದು ಅಂದಾಜು ಮಾಡಿತು. ನನಗೆ 30 ಲಕ್ಷ ಎಂದು ಎದೆ ತಟ್ಟಿ ಹೇಳಲು ಆಗುವುದಿಲ್ಲ. ಈ ಸಂಖ್ಯೆಯನ್ನು ಪ್ರಶ್ನಿಸಿದ್ದಕ್ಕೆ 2014ರಲ್ಲಿ ಢಾಕಾದ ನ್ಯಾಯಮಂಡಳಿ ಒಬ್ಬ ಪತ್ರಕರ್ತರಿಗೆ ದಂಡ ಹಾಕಿತು. ಅದು ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಕೇಳಬಾರದು ಎಂದು ಕಟ್ಟು ಮಾಡಿದ ಸಂಖ್ಯೆಯ ಮೇಲೆ ಮಕ್ಕಳಿಗೆ ಅನುಮಾನ ಬಂದೇ ಬರುತ್ತದೆ.

ಆದರೆ ಕೊಡಗಿನಲ್ಲಿ ಕೂತು ಆ ಲೆಕ್ಕಗಳನ್ನು ನೋಡಿ. 2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದಲ್ಲಿದ್ದವರು 33 ಸಾವಿರದಷ್ಟು. ಇಡೀ ಕೊಡಗಿನಲ್ಲಿ 5 ಲಕ್ಷ 54 ಸಾವಿರ. ಕೊಂದವರ ಕಡೆಯ ಲೆಕ್ಕವನ್ನೇ ಹಿಡಿದರೂ ಮಡಿಕೇರಿಯ ಮುಕ್ಕಾಲು ಪಾಲು ಖಾಲಿ. ಆ ಅಧ್ಯಯನದ ಲೆಕ್ಕ ಹಿಡಿದರೆ ಅರ್ಧ ಕೊಡಗು. ಭಾಗಮಂಡಲದಿಂದ ಹೊರಟು ಒಂದು ಮನೆ ಬಿಟ್ಟು ಒಂದು ಮನೆಗೆ ಬೀಗ ಹಾಕಿಕೊಂಡು ಬಂದ ಹಾಗೆ. 'ಮೂವತ್ತು ಲಕ್ಷ ಅಲ್ಲ' ಅನ್ನುವ ಮಾತಿನಿಂದ 'ಏನೂ ಆಗಿಲ್ಲ' ಅನ್ನುವ ಮಾತಿಗೆ ಆ ವಿಡಿಯೋ ಹಾರಿದ್ದು ಇಷ್ಟು ದೊಡ್ಡ ಜಾಗವನ್ನು. ನಡುವೆ ಬಿದ್ದವರ ಮೇಲೆ ಅವನ ಕಣ್ಣು ಹೋಗಲೇ ಇಲ್ಲ.

ಈ ಹಾರಾಟವನ್ನು ಹಿಡಿಯುವುದು ಹೇಗೆ ಅನ್ನುವುದಕ್ಕೆ ಲಂಡನ್ನಿನ ಒಂದು ಮೊಕದ್ದಮೆ ನನಗೆ ಸಹಾಯ ಮಾಡಿತು. ಹಿಟ್ಲರನ ಕಾಲದ ಯಹೂದಿ ಹತ್ಯಾಕಾಂಡವನ್ನು ಅಲ್ಲಗಳೆಯುತ್ತಿದ್ದ ಡೇವಿಡ್ ಇರ್ವಿಂಗ್, ತನ್ನನ್ನು ಹಾಗೆ ಕರೆದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಮಾನನಷ್ಟದ ಕೇಸು ಹಾಕಿದ. ಆಕೆಯ ವಕೀಲರು ಶಿಬಿರದಲ್ಲಿ ಬದುಕುಳಿದವರನ್ನು ಕರೆದು ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಅವನಿಂದ ಅವರನ್ನು ಪಾಟೀಸವಾಲಿಗೆ ಒಳಪಡಿಸುವುದು ಬೇಡ ಎಂದರು. ಬದಲಿಗೆ ರಿಚರ್ಡ್ ಇವಾನ್ಸ್ ಎಂಬ ಇತಿಹಾಸಕಾರರು ಇರ್ವಿಂಗ್ ಕೊಟ್ಟ ಅಡಿಟಿಪ್ಪಣಿಗಳನ್ನು ಮೂಲ ಕಾಗದಗಳ ಜೊತೆ ಹೋಲಿಸುತ್ತಾ ಕೂತರು. 2000ದ ಏಪ್ರಿಲ್‌ನಲ್ಲಿ ಇರ್ವಿಂಗ್ ಸೋತ. ಅವನ ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಹಿಟ್ಲರನ ಕಡೆಗೆ. ಕರಿಮೆಣಸು ಮಾರುವವರಿಗೆ ಇದು ಬೇಗ ಅರ್ಥ ಆಗುತ್ತದೆ. ತೂಕದಲ್ಲಿ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಆದರೆ ತಕ್ಕಡಿ ಸರಿ ಇಲ್ಲ. ಪ್ರತಿ ಸಲವೂ ಕೊಳ್ಳುವವನಿಗೇ ಲಾಭ ಆಗುತ್ತಿದ್ದರೆ ತಕ್ಕಡಿಯನ್ನು ಬಯ್ಯುವ ಹಾಗಿಲ್ಲ.

ನಮ್ಮವರ ಹೆಸರೂ ಇಂಥದ್ದಕ್ಕೆ ಬಳಕೆಯಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಟೋಕಿಯೋದಲ್ಲಿ ನಡೆದ ಜಪಾನಿನ ನಾಯಕರ ವಿಚಾರಣೆಯಲ್ಲಿ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಆರೋಪಿಗಳೆಲ್ಲ ನಿರ್ದೋಷಿಗಳು ಎಂದು ಬೇರೆ ತೀರ್ಪು ಬರೆದರು. ಗೆದ್ದವರು ಸೋತವರನ್ನು ಆಮೇಲೆ ಮಾಡಿಕೊಂಡ ಕಾನೂನಿನಿಂದ ವಿಚಾರಿಸುವುದು ನ್ಯಾಯವಲ್ಲ ಎಂಬುದು ಅವರ ವಾದ. ಯುದ್ಧಗಳಲ್ಲಿ ಸತ್ತ ಜಪಾನೀಯರಿಗಾಗಿ ಇರುವ ಟೋಕಿಯೋದ ಯಾಸುಕುನಿ ದೇಗುಲದಲ್ಲಿ 2005ರಲ್ಲಿ ಅವರ ಸ್ಮಾರಕ ನಿಲ್ಲಿಸಿದರು. 1937ರಲ್ಲಿ ಜಪಾನಿನ ಸೈನ್ಯ ಜನರನ್ನು ಕೊಂದ ಚೀನಾದ ನಾನ್ಜಿಂಗ್‌ನಲ್ಲಿ ಏನೂ ಆಗಲಿಲ್ಲ ಅನ್ನುವವರು ಅವರ ಹೆಸರು ಹೇಳುತ್ತಾರೆ. ಅದೇ ತೀರ್ಪಿನಲ್ಲಿ ಪಾಲ್, ಜಪಾನಿನ ಸೈನಿಕರು ಜನರ ಮೇಲೂ ಕೈದಿಗಳ ಮೇಲೂ ದೌರ್ಜನ್ಯ ಮಾಡಿದ್ದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ ಎಂದೂ ಬರೆದಿದ್ದಾರೆ. ಆ ಪುಟವನ್ನು ಅವರ ಹೆಸರು ಹೇಳುವವರು ತಿರುಗಿಸುವುದಿಲ್ಲ.

ಇಷ್ಟೆಲ್ಲ ದೂರದ ಊರುಗಳ ಬಗ್ಗೆ ಬರೆಯುವುದು ಸುಲಭ. ನಮ್ಮ ಮನೆಯ ಅಂಗಳಕ್ಕೆ ಬಂದಾಗ ನನ್ನ ಕೈ ನಿಲ್ಲುತ್ತದೆ. ಆದರೂ ಬರೆಯುತ್ತೇನೆ. ದೇವಟ್ಟಿಪರಂಬು.

ಟಿಪ್ಪುವಿನ ಕಾಲದಲ್ಲಿ ಕೊಡವರನ್ನು ಮೋಸದಿಂದ ಸೇರಿಸಿ ಕೊಂದ ಜಾಗ, ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಜಾಗ ಎಂದು ಕೊಡಗಿನ ನೆನಪು. ಅಲ್ಲಿಗೆ ಹೋಗಿ ಹಿರಿಯರಿಗೆ ಕೈ ಮುಗಿದು ಬರುವವರು ಇದ್ದಾರೆ. ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. 1811ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಟಿಪ್ಪುವಿನ ಪತ್ರಗಳಲ್ಲಿ, 40 ಸಾವಿರ ಕೊಡಗರನ್ನು ಹಿಡಿದೆ ಎಂದು ಅವನೇ ಕರ್ನೂಲಿನ ನವಾಬನಿಗೆ ಬರೆದುಕೊಂಡದ್ದಿದೆ. ರಾಜರು ಪತ್ರದಲ್ಲಿ ಜಂಬ ಕೊಚ್ಚುತ್ತಾರೆ, ಆಗ ಕೊಡಗಿನಲ್ಲಿ ಅಷ್ಟು ಜನ ಎಲ್ಲಿದ್ದರು ಎಂದು ಕೇಳುವವರಿದ್ದಾರೆ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಹಾಗೆ ಶುರು ಮಾಡಿ 'ಕೊಡಗಿನಲ್ಲಿ ಏನೂ ಆಗಿಲ್ಲ' ಎಂದು ಮುಗಿಸುವವರನ್ನು ಕಂಡಾಗ ನನಗೆ ಆ ವಿಡಿಯೋದ ದನಿಯೇ ಕೇಳುತ್ತದೆ.

ಇನ್ನೊಂದು ಕಡೆಯವರೂ ಇದ್ದಾರೆ, ಅವರು ನನಗೆ ಹೆಚ್ಚು ಹತ್ತಿರದವರು. ವರ್ಷ ವರ್ಷ ಸಂಖ್ಯೆ ಏರಿಸುತ್ತಾ ಹೋಗುವವರು. ಇನ್ನೂರು ಚಿಲ್ಲರೆ ವರ್ಷದ ಹಿಂದಿನ ಸೈನ್ಯದ ಕೆಲಸಕ್ಕೆ ಇವತ್ತು ವಿರಾಜಪೇಟೆಯಲ್ಲಿ ಮೀನು ಮಾರುವವನಿಂದ ಲೆಕ್ಕ ಕೇಳುವವರು. 2015ರ ನವೆಂಬರ್ 10ರಂದು, ಟಿಪ್ಪು ಜಯಂತಿಯ ದಿನ, ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. ಅವತ್ತು ಅಂಗಡಿಗಳ ಶಟರ್ ಎಳೆಯುವ ಶಬ್ದ ಕೇಳುತ್ತಾ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎರಡೂ ಕಡೆಯ ಜನರ ಮುಖ ನನಗೆ ಗುರುತಿನವೇ.

ಈ ಕಥೆಯಲ್ಲಿ ಎರಡೂ ಕಡೆಯವರು ಹೇಳದ ಒಂದು ಭಾಗ ಇದೆ. ಸೆರೆ ಹೋಗಿ ಮತ ಬದಲಾದವರಲ್ಲಿ ಕೆಲವರು ತಪ್ಪಿಸಿಕೊಂಡು ಊರಿಗೆ ವಾಪಸ್ ಬಂದರು, ಆದರೆ ಜಾತಿಯೊಳಗೆ ಅವರನ್ನು ಸೇರಿಸಿಕೊಳ್ಳಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅವರ ಕುಡಿಗಳು ಕೊಡವ ಮಾಪಿಳ್ಳೆ ಮುಸ್ಲಿಮರು. ಕೊಡವರ ಮನೆಹೆಸರುಗಳನ್ನೇ ಇಟ್ಟುಕೊಂಡವರು ಇವತ್ತಿಗೂ ಇದ್ದಾರೆ. ದೇವಟ್ಟಿಪರಂಬಿನ ನೋವು ಅವರದ್ದೂ ಹೌದಲ್ವಾ? ಅವರಿಗೆ ಮೊದಲ ಪೆಟ್ಟು ಶ್ರೀರಂಗಪಟ್ಟಣದಿಂದ ಬಿತ್ತು, ಎರಡನೆಯದು ನಮ್ಮ ಬಾಗಿಲಲ್ಲಿ. ದೊಡ್ಡಪ್ಪ ಬಿಹಾರಿಗಳ ಮಾತು ತಾವಾಗಿ ಎತ್ತಿದರಲ್ಲ, ಆ ಧೈರ್ಯ ನನಗೆ ಈ ನಾಲ್ಕು ಸಾಲು ಬರೆಯಲು ಬೇಕಾಯಿತು.

ಸೋದರಳಿಯನಿಗೆ ಕೊನೆಗೆ ಬರೆದೆ. ಫೋಟೋ ತಪ್ಪು, ಕಳಿಸಿದ್ದು ನನ್ನ ತಪ್ಪು ಎಂದು ಮೊದಲು ಬರೆದೆ. 30 ಲಕ್ಷವನ್ನು ನಾನು ಸಾಧಿಸಲಾರೆ ಎಂದೂ ಬರೆದೆ. ಆಮೇಲೆ ಬಾವಿ, ಲಾರಿ, ಹೆಡ್‌ಲೈಟ್. ಮ್ಯಾಸ್ಕರೇನಸ್ ವರದಿಯನ್ನು ಪೂರ್ತಿ ಓದು ಎಂದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ, 'ಮಾವ, ಅಜ್ಜ ಈ ಬಾವಿ ವಿಷಯ ನಮಗ್ಯಾರಿಗೂ ಯಾಕೆ ಹೇಳ್ಲಿಲ್ಲ?' ಎಂದು ಕೇಳಿದ. ನಾವ್ಯಾರೂ ಕೇಳಿರಲಿಲ್ಲ ಎಂದೆ.

ಮಳೆ ಸ್ವಲ್ಪ ಹೊಳವಾದ ದಿನ ದೊಡ್ಡಪ್ಪ ಕೋಲು ಹಿಡಿದು ತೋಟಕ್ಕೆ ಇಳಿದರು. ಕೆಳಗಿನ ಲೈನ್ ಮನೆಯಲ್ಲಿ ಬಂಗಾಳದ ಕಡೆಯಿಂದ ಕೆಲಸಕ್ಕೆ ಬಂದ ನಾಲ್ಕು ಹುಡುಗರಿದ್ದಾರೆ. ಈಗೀಗ ಕೊಡಗಿನ ತೋಟಗಳಲ್ಲಿ ಅಸ್ಸಾಮು, ಬಂಗಾಳದವರೇ ಜಾಸ್ತಿ. ಸಂತೆಯಲ್ಲಿ ಅವರನ್ನು ಕಂಡರೆ ಇವರೆಲ್ಲ ಬಾಂಗ್ಲಾದವರು ಎಂದು ಗುಸುಗುಸು ಮಾಡುವವರೂ ಇದ್ದಾರೆ. ಒಬ್ಬ ಹುಡುಗ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮೆಣಸಿನ ಬಳ್ಳಿ ನೆಡುತ್ತಿದ್ದ. ಊರು ಯಾವುದು ಎಂದು ದೊಡ್ಡಪ್ಪ ಹಿಂದಿಯಲ್ಲಿ ಕೇಳಿದರು. ಬನಗಾಂವ್ ಹತ್ತಿರ ಎಂದ.

ದೊಡ್ಡಪ್ಪ ನಿಂತುಬಿಟ್ಟರು. 'ಜಶೋರ್ ರೋಡ್?'

ಹುಡುಗ ಎದ್ದು ನಿಂತ. ಮನೆ ಅದೇ ರೋಡಿನ ಬದಿಯಲ್ಲಂತೆ. 71ರಲ್ಲಿ ಅವನ ಅಜ್ಜಿ ದೊಡ್ಡ ಹಂಡೆಯಲ್ಲಿ ಗಂಜಿ ಕಾಯಿಸಿ ಮರದ ಬುಡದಲ್ಲಿ ಬಿದ್ದವರಿಗೆ ಕೊಡುತ್ತಿದ್ದಳಂತೆ. ಗಂಜಿ ಹಿಡಿದುಕೊಂಡು ಹೋಗುವಷ್ಟರಲ್ಲಿ ಕೆಲವರು ಹೋಗಿಬಿಟ್ಟಿರುತ್ತಿದ್ದರು ಎಂದು ಸಾಯುವ ತನಕ ಹೇಳುತ್ತಿದ್ದಳಂತೆ.

'ಆ ಮರಗಳು ಈಗಲೂ ಇವೆಯಾ?' ಎಂದು ದೊಡ್ಡಪ್ಪ ಕೇಳಿದರು.

ಕೆಲವನ್ನು ರೋಡ್ ಅಗಲ ಮಾಡಲು ಕಡಿದರು, ಕೆಲವು ಇವೆ ಎಂದ. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ಮೊಬೈಲ್ ತೆಗೆದ. ಊರಿನಿಂದ ತಮ್ಮ ಕಳಿಸಿದ ಫೋಟೋ ಒಂದಿತ್ತು. ಎರಡು ಸಾಲು ಮರ, ಮೇಲೆ ಕೊಂಬೆಗಳು ಸೇರಿ ಚಪ್ಪರ ಆಗಿದೆ, ನಡುವೆ ಒಂದು ಲಾರಿ ಬರುತ್ತಿದೆ. ದೊಡ್ಡಪ್ಪ ಕನ್ನಡಕ ಮೇಲೆ ಮಾಡಿ ಫೋನನ್ನು ಮುಖದ ಹತ್ತಿರ ಹಿಡಿದರು. 'ದಾದು, ಬೆರಳಿಂದ ಹೀಗೆ ಅಗಲ ಮಾಡಿ' ಎಂದು ಹುಡುಗ ತೋರಿಸಿಕೊಟ್ಟ. ದೊಡ್ಡಪ್ಪ ಮರಗಳ ಬುಡವನ್ನು ಒಂದೊಂದಾಗಿ ಅಗಲ ಮಾಡಿ ನೋಡುತ್ತಾ ನಿಂತರು. ಮತ್ತೆ ಮಳೆ ಹನಿಯತೊಡಗಿತು. ಹುಡುಗ ತನ್ನ ಕೊಪ್ಪೆ ತೆಗೆದು ಅವರ ತಲೆಯ ಮೇಲೆ ಹಿಡಿದ.